ಎರಡು ಮಡಿಲುಗಳ ನಡುವಿನ ಕಾಗದ

ಕೆಲವು ತಿಂಗಳ ಹಿಂದೆ ಹೈದರಾಬಾದಿನಲ್ಲಿ ಒಂದು ಕನ್ನಡ ಕಾರ್ಯಕ್ರಮ ಮುಗಿದ ಮೇಲೆ, ಉಪ್ಪಿಟ್ಟಿನ ತಟ್ಟೆ ಹಿಡಿದು ನಾಲ್ಕಾರು ಮಂದಿ ಮಾತಾಡುತ್ತ ನಿಂತಿದ್ದೆವು. ಬಹುಕಾಲದ ಗೆಳತಿಯೊಬ್ಬರು ದನಿ ತಗ್ಗಿಸಿ ಕೇಳಿದರು: "ನಿಮಗೆ ಪರಿಚಯದ ನರ್ಸ್ ಯಾರಾದರೂ ಇದ್ದಾರೆಯೇ? ಎಲ್ಲಿಯಾದರೂ ಬೇಡವಾದ ಕೂಸೊಂದು ಇದ್ದರೆ ಹೇಳಿ. ಖರ್ಚು ಎಷ್ಟಾದರೂ ಚಿಂತೆಯಿಲ್ಲ." ದತ್ತು ಪಡೆಯಲು ಹೆಸರು ನೋಂದಾಯಿಸಿ ಅವರಿಗೆ ಮೂರು ವರ್ಷ ಕಳೆದಿತ್ತು. ಅಲ್ಲಿದ್ದ ಯಾರಿಗೂ ಆ ಮಾತು ತಪ್ಪೆನಿಸಲಿಲ್ಲ. ಒಬ್ಬರು "ಪುಣ್ಯದ ಕೆಲಸ" ಎಂದರು. ಇನ್ನೊಬ್ಬರು ವಿಚಾರಿಸುವುದಾಗಿ ಹೇಳಿದರು. ನಾನು ಸುಮ್ಮನಿದ್ದೆ. ಆಗ ಹೇಳಬೇಕಾಗಿದ್ದ, ಹೇಳದೆ ಉಳಿದ ಉತ್ತರವೇ ಈ ಬರಹ.

ಗೆಳತಿಯ ನೋವು ನಿಜವಾದದ್ದು. ಅದನ್ನು ಹಗುರವಾಗಿ ಕಾಣುವ ಅಧಿಕಾರ ನನಗಿಲ್ಲ. ಆದರೆ "ಬೇಡವಾದ ಕೂಸು" ಎಂಬ ಎರಡು ಪದಗಳು ನನ್ನನ್ನು ಅಂದಿನಿಂದ ಕಾಡುತ್ತಿವೆ. ಯಾರಿಗೆ ಬೇಡವಾದದ್ದು? ಬೇಡವೆಂದು ಹೇಳಿದವರು ಯಾರು? ಹೇಳಿದರೋ, ಹೇಳಿಸಿದರೋ? ನಾವು ವಾಸಿಸುತ್ತಿರುವ ಈ ಊರು ಈ ಪ್ರಶ್ನೆಗಳನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. ನಾವು ಮರೆತಿದ್ದೇವೆ, ಅಷ್ಟೆ.

1999ರಲ್ಲಿ, ಮತ್ತೆ 2001ರಲ್ಲಿ, ಹೈದರಾಬಾದು ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಮಕ್ಕಳ ಮಾರಾಟದ ಕಾರಣಕ್ಕೆ. ನಗರದ ಸುತ್ತಲಿನ ಜಿಲ್ಲೆಗಳ ಲಂಬಾಡ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಮಧ್ಯವರ್ತಿಗಳು ಅತಿ ಸಣ್ಣ ಮೊತ್ತಕ್ಕೆ ತರುತ್ತಿದ್ದರು. ಆ ಕೂಸುಗಳು ಪರವಾನಗಿ ಪಡೆದ ಸಂಸ್ಥೆಗಳನ್ನು ಸೇರಿ, ಅಲ್ಲಿಂದ ಬಹುಪಾಲು ವಿದೇಶಗಳಿಗೆ, ಸಾವಿರಾರು ಡಾಲರುಗಳ ಲೆಕ್ಕದಲ್ಲಿ ಹೋಗುತ್ತಿದ್ದವು. ಹೈದರಾಬಾದ್ ಬುಕ್ ಟ್ರಸ್ಟಿನ ಗೀತಾ ರಾಮಸ್ವಾಮಿ ಮತ್ತು ಇತಿಹಾಸಕಾರ ಭಂಗ್ಯ ಭೂಕ್ಯ ಈ ತಾಂಡಾಗಳಲ್ಲಿ ಅಧ್ಯಯನ ನಡೆಸಿ, ಬಡತನ, ಬರ, ವರದಕ್ಷಿಣೆ ಮತ್ತು ದಲ್ಲಾಳಿಗಳ ಒತ್ತಡ ಹೇಗೆ ಒಂದಕ್ಕೊಂದು ಹೆಣೆದುಕೊಂಡು ತಾಯಿಯ ಮಡಿಲನ್ನು ಬರಿದು ಮಾಡಿದವೆಂದು ದಾಖಲಿಸಿದರು.

ಇದು ಪರರ ಕಥೆಯೆಂದು ಕನ್ನಡಿಗರು ಮುಖ ತಿರುಗಿಸುವಂತಿಲ್ಲ. ಈ ತಾಂಡಾಗಳ ಸಾಲು ತಾಂಡೂರಿನಾಚೆ ಸೇಡಂ, ಚಿಂಚೋಳಿಗಳಲ್ಲಿಯೂ ಮುಂದುವರಿಯುತ್ತದೆ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡವಾಗಿರುವ ಸಮುದಾಯ ಗಡಿ ದಾಟಿದೊಡನೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಾಗುತ್ತದೆ. ಆದರೆ ಭಾಷೆ, ಹಾಡು, ತಾಯಂದಿರ ಅಳಲು ಒಂದೇ. 1956ರವರೆಗೆ ಕಲಬುರಗಿ, ಬೀದರ್, ರಾಯಚೂರುಗಳು ಈ ಹೈದರಾಬಾದಿನ ಆಡಳಿತದಲ್ಲಿಯೇ ಇದ್ದವೆಂಬುದನ್ನೂ ನೆನೆಯಬೇಕು.

ಈ ಹಗರಣದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಆ ಮಕ್ಕಳಲ್ಲಿ ಅನೇಕರು ಕದ್ದುಮುಚ್ಚಿ ಗಡಿ ದಾಟಿದವರಲ್ಲ. ಅವರ ಬಳಿ ಕಾಗದಗಳಿದ್ದವು: ತಾಯಿಯ ಹೆಬ್ಬೆಟ್ಟಿನ ಒಪ್ಪಿಗೆ ಪತ್ರ, ಸಂಸ್ಥೆಯ ಮೊಹರು, ನ್ಯಾಯಾಲಯದ ಆದೇಶ. ವಿದೇಶಿ ದತ್ತಕಕ್ಕೆ ನಿಯಮಗಳನ್ನು ವಿಧಿಸಿದ ಲಕ್ಷ್ಮೀಕಾಂತ ಪಾಂಡೆ ಪ್ರಕರಣದ ತೀರ್ಪನ್ನು ಸುಪ್ರೀಂ ಕೋರ್ಟು 1984ರಲ್ಲಿಯೇ ನೀಡಿತ್ತು. ನಿಯಮವಿದ್ದೂ ಅನ್ಯಾಯ ನಡೆಯಿತು. ಏಕೆಂದರೆ ಕಾಗದ ಸರಿಯಿದ್ದರೆ ಸಾಕು, ಕಾಗದದ ಹಿಂದಿನ ಕಥೆ ಯಾರಿಗೂ ಬೇಡವಾಗಿತ್ತು.

ಅಮೆರಿಕದ ಅಲಬಾಮಾ ರಾಜ್ಯದ ಕಾನೂನು ಪ್ರಾಧ್ಯಾಪಕ ಡೇವಿಡ್ ಸ್ಮೊಲಿನ್ ಮತ್ತು ಅವರ ಪತ್ನಿ 1998ರಲ್ಲಿ ಆಂಧ್ರಪ್ರದೇಶದಿಂದ ಇಬ್ಬರು ಅಕ್ಕತಂಗಿಯರನ್ನು ದತ್ತು ಪಡೆದರು. ಮಕ್ಕಳು ಮನೆಗೆ ಬಂದ ಕೆಲವೇ ವಾರಗಳಲ್ಲಿ ಸತ್ಯ ಹೊರಬಿತ್ತು: ತಾಯಿ ಬದುಕಿದ್ದಾಳೆ, ಓದಲೆಂದು ಅನಾಥಾಶ್ರಮಕ್ಕೆ ಸೇರಿಸಿದ್ದಳೇ ಹೊರತು ಕೊಟ್ಟಿರಲಿಲ್ಲ. ತಾಯಿಯನ್ನು ಮತ್ತೆ ಕಾಣಲು ಆ ಕುಟುಂಬಕ್ಕೆ ವರ್ಷಗಳೇ ಹಿಡಿದವು. ಸ್ಮೊಲಿನ್ ತಮ್ಮ ಮನೆಯ ಈ ಗಾಯವನ್ನು ಮುಚ್ಚಿಡಲಿಲ್ಲ. ಕಪ್ಪುಹಣವನ್ನು ಬಿಳಿಯಾಗಿಸುವಂತೆ, ಕದ್ದ ಮಗುವನ್ನು ಕಾಗದಗಳ ಮೂಲಕ "ಅನಾಥ" ಮಗುವಾಗಿಸುವ ಈ ಕ್ರಮವನ್ನು ಮಕ್ಕಳ ಲಾಂಡರಿಂಗ್ ಎಂದು ಕರೆದು ಅದರ ಬಗ್ಗೆ ವಿಸ್ತಾರವಾಗಿ ಬರೆದರು. ಒಳ್ಳೆಯ ಮನಸ್ಸಿನಿಂದ, ಕಾನೂನಿನ ದಾರಿಯಲ್ಲಿ ನಡೆದವರೂ ಕಳವಿನ ಕೊನೆಯ ಕೊಂಡಿಯಾಗಬಹುದೆಂಬ ಅರಿವು ಅದರಿಂದ ನಮಗೆ ದಕ್ಕುತ್ತದೆ.

ಇಂದಿನ ಕಾನೂನಿನ ಸಾಲುಸಾಲು ಷರತ್ತುಗಳಿಗೆ ಇಂಥ ಗಾಯಗಳ ಹಿನ್ನೆಲೆಯಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಒಪ್ಪಿಸಲು ಬಯಸುವ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಅವಳೊಡನೆ ಆಪ್ತಸಮಾಲೋಚನೆ ನಡೆಯಬೇಕು. ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಅವಳಿಗೆ 60 ದಿನಗಳ ಅವಕಾಶವಿದೆ. ತೊರೆದು ಹೋದ ಮಗುವಾದರೆ ಹೆತ್ತವರನ್ನು ಹುಡುಕುವ ಪ್ರಯತ್ನ ನಡೆದು, ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳೊಳಗೆ ಸಮಿತಿ ತೀರ್ಮಾನಿಸಬೇಕು. ಅನಂತರವೇ ಆ ಮಗು ದತ್ತಕಕ್ಕೆ ಮುಕ್ತ. ಯಾವ ಮನೆಗೆ ಯಾವ ಮಗು ಎಂಬುದನ್ನು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, ಆನ್‌ಲೈನ್ ಸರದಿ ನಿರ್ಧರಿಸುತ್ತದೆ. 2022ರಿಂದ ಅಂತಿಮ ಆದೇಶ ನೀಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು. ಗೆಳತಿ "ವಿನಾಕಾರಣ ವಿಳಂಬ" ಎಂದು ಕರೆದದ್ದರಲ್ಲಿ ಒಂದು ಭಾಗ ಈ 60 ದಿನ. ಅದು ಇನ್ನೊಬ್ಬ ಹೆಣ್ಣಿನ ಕಣ್ಣೀರಿಗೆ ಕೊಟ್ಟ ಕಾಲಾವಕಾಶ.

ಸರದಿಯನ್ನು ದಾಟುವ ಅಡ್ಡದಾರಿ ಎಲ್ಲಿಗೆ ಒಯ್ಯುತ್ತದೆಂಬುದಕ್ಕೂ ದೂರ ಹೋಗಬೇಕಿಲ್ಲ. 2024ರ ಮೇ ತಿಂಗಳಲ್ಲಿ ನಗರದ ಅಂಚಿನ ಮೇಡಿಪಲ್ಲಿಯಲ್ಲಿ ಪೊಲೀಸರು ಶಿಶುಮಾರಾಟದ ಜಾಲವೊಂದನ್ನು ಭೇದಿಸಿ, ಹೊರರಾಜ್ಯಗಳಿಂದ ತಂದಿದ್ದ ಹತ್ತಕ್ಕೂ ಹೆಚ್ಚು ಮಕ್ಕಳನ್ನು ಕೊಂಡವರ ಮನೆಗಳಿಂದ ಕರೆದೊಯ್ದರು. ಆ ದಂಪತಿಗಳಲ್ಲಿ ಕೆಲವರು ತಾವು ದತ್ತು ಪಡೆದಿದ್ದೇವೆಂದು ನ್ಯಾಯಾಲಯಕ್ಕೆ ಹೋದರು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅವರಿಗೆ ಮಕ್ಕಳನ್ನು ಮರಳಿಸುವಂತೆ ಆದೇಶಿಸಿತು. ಮಕ್ಕಳ ಹಿತದೃಷ್ಟಿಯಿಂದ ಆ ಆದೇಶವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಮಗುವನ್ನು ಮಡಿಲಿನಿಂದ ಎರಡು ಬಾರಿ ಕಿತ್ತದ್ದು ಯಾವ ಆದೇಶದಿಂದಲೂ ಅಳಿಯದು. ಅದೇ ವರ್ಷದ ಜುಲೈಯಲ್ಲಿ ಸಿಕಂದರಾಬಾದಿನ ಫರ್ಟಿಲಿಟಿ ಕೇಂದ್ರವೊಂದರ ಪ್ರಕರಣ ಬಯಲಾಯಿತು: ಬಾಡಿಗೆ ತಾಯ್ತನದಿಂದ ಹುಟ್ಟಿದ ನಿಮ್ಮದೇ ಮಗುವೆಂದು ನಂಬಿಸಿ, ಬಡ ದಂಪತಿಗಳಿಂದ ಕೊಂಡ ಶಿಶುವನ್ನು ಲಕ್ಷಾಂತರ ರೂಪಾಯಿಗೆ ಕೊಟ್ಟರೆಂಬುದು ಪೊಲೀಸರ ಆರೋಪ. ಡಿಎನ್ಎ ಪರೀಕ್ಷೆ ಮಾಡಿಸಿದಾಗ ಆ ತಂದೆತಾಯಿಗೆ ನಿಜ ತಿಳಿಯಿತು.

ಮಾರುವವನಷ್ಟೇ ಕೊಳ್ಳುವವನೂ ಅಪರಾಧಿಯೆಂದು ಬಾಲನ್ಯಾಯ ಕಾಯ್ದೆಯ 81ನೇ ಕಲಂ ಹೇಳುತ್ತದೆ. ಐದು ವರ್ಷದವರೆಗೆ ಕಠಿಣ ಸಜೆ, ಆಸ್ಪತ್ರೆಯ ಸಿಬ್ಬಂದಿಯಾದರೆ ಏಳು ವರ್ಷದವರೆಗೆ. "ದತ್ತುಪತ್ರ ಬರೆಸಿದ್ದೇವೆ" ಎಂಬ ಸಮಾಧಾನವೂ ನಿಲ್ಲದು. 1956ರ ಹಿಂದೂ ದತ್ತಕ ಕಾಯ್ದೆಯಡಿಯಲ್ಲಿಯೂ ಮಗುವನ್ನು ಕೊಡುವ ಅಧಿಕಾರ ನಿಜವಾದ ತಂದೆತಾಯಿಗೆ ಅಥವಾ ನ್ಯಾಯಾಲಯದ ಅನುಮತಿ ಪಡೆದ ಪಾಲಕರಿಗೆ ಮಾತ್ರ. ಹಣದ ವಿನಿಮಯಕ್ಕೆ ಅಲ್ಲಿಯೂ ನಿಷೇಧವಿದೆ. ಆದರೆ ಶಿಕ್ಷೆಯ ಭಯಕ್ಕಿಂತ ದೊಡ್ಡದು ಇನ್ನೊಂದು ಮಾತು: ಕೊಳ್ಳುವ ಕೈ ಚಾಚಿದಲ್ಲಿ, ಬೇಡವಾಗದ ಕೂಸೂ "ಬೇಡವಾದ ಕೂಸು" ಆಗಿಬಿಡುತ್ತದೆ.

ಹಾಗೆಂದು ಈಗಿನ ವ್ಯವಸ್ಥೆ ದೋಷರಹಿತವೆಂದು ನಾನು ವಾದಿಸುತ್ತಿಲ್ಲ. ಸರದಿಯಲ್ಲಿರುವವರು ಮೂವತ್ತು ಸಾವಿರಕ್ಕೂ ಹೆಚ್ಚು. ದತ್ತಕಕ್ಕೆ ಮುಕ್ತರಾದ ಮಕ್ಕಳು ಅದರಲ್ಲೊಂದು ಸಣ್ಣ ಪಾಲು. ಬಾಲಮಂದಿರಗಳಲ್ಲಿರುವ ಎಷ್ಟೋ ಮಕ್ಕಳನ್ನು ನೋಡಲು ವರ್ಷಾನುಗಟ್ಟಲೆ ಯಾರೂ ಬಾರದಿದ್ದರೂ ಅವರ ಕಡತ ಸರಿಯುವುದಿಲ್ಲ. ಇದು ಖಂಡಿಸಬೇಕಾದ ಆಲಸ್ಯ. ಆದರೆ ಒಂದು ಕಟುಸತ್ಯವನ್ನೂ ಒಪ್ಪಿಕೊಳ್ಳಬೇಕು: ಸರದಿ ಉದ್ದವಾಗಿರುವುದು ಆರೋಗ್ಯವಂತ ಹಸುಗೂಸಿಗೆ. ಐದು ದಾಟಿದ ಮಗು, ಒಟ್ಟಿಗಿರಬೇಕಾದ ಅಣ್ಣತಂಗಿಯರು, ಅಂಗವೈಕಲ್ಯವಿರುವ ಮಗು ಇವರ ಬಾಗಿಲಲ್ಲಿ ಸರದಿಯೇ ಇಲ್ಲ. ಕಾಯುತ್ತಿರುವವರು ದೊಡ್ಡವರು ಮಾತ್ರವಲ್ಲ.

ನಮ್ಮ ಹಳೆಯ ದತ್ತಕದ ಕಲ್ಪನೆ ಇಲ್ಲಿ ಅಡ್ಡ ಬರುತ್ತದೆಯೆಂದು ತೋರುತ್ತದೆ. 1824ರಲ್ಲಿ ಕಿತ್ತೂರು ಸಿಡಿದೆದ್ದದ್ದು ದತ್ತುಪುತ್ರನನ್ನು ಕಂಪನಿ ಒಪ್ಪಲಿಲ್ಲವೆಂದು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಪಡೆದದ್ದರಿಂದಲೇ ಮೈಸೂರು ಮುಂದೆ ಒಡೆಯರ ಮನೆತನಕ್ಕೆ ಮರಳಿತು. ಇವು ನಮಗೆ ಹೆಮ್ಮೆಯ ಅಧ್ಯಾಯಗಳು. ಆದರೆ ಅಲ್ಲಿ ದತ್ತಕವಿದ್ದದ್ದು ವಂಶಕ್ಕಾಗಿ, ಸಿಂಹಾಸನಕ್ಕಾಗಿ. ಇಂದಿನ ಕಾನೂನು ಪ್ರಶ್ನೆಯನ್ನೇ ತಿರುಗಿಸಿದೆ: ಈ ಮನೆಗೊಂದು ಮಗು ಬೇಕೇ ಎಂದಲ್ಲ, ಈ ಮಗುವಿಗೊಂದು ಮನೆ ಬೇಕೇ ಎಂದು. ಆ ತಿರುವನ್ನು ಕಾನೂನು ಒಪ್ಪಿದೆ, ನಮ್ಮ ಮನಸ್ಸು ಇನ್ನೂ ಒಪ್ಪಿಲ್ಲ.

ಹೀಗೆ ನೋಡಿದರೆ ದತ್ತಕದ ನೀತಿ ಮೊದಲು ನಿಲ್ಲಬೇಕಾದದ್ದು ಹೆತ್ತ ತಾಯಿಯ ಮನೆಯಲ್ಲಿ. ಬಡತನವೊಂದೇ ಕಾರಣಕ್ಕೆ ಮಗು ತಾಯಿಯನ್ನು ಕಳೆದುಕೊಳ್ಳಬಾರದು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಸಂಕಷ್ಟದಲ್ಲಿರುವ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ; ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಸಲ್ಲಿಸಬೇಕು. ನಮ್ಮ ಮನೆಗೆಲಸದವಳು, ಅಪಾರ್ಟ್‌ಮೆಂಟಿನ ಕಾವಲುಗಾರನ ಹೆಂಡತಿ "ಮೂರನೆಯದೂ ಹೆಣ್ಣು, ಯಾರಿಗಾದರೂ ಕೊಟ್ಟುಬಿಡುತ್ತೇನೆ" ಎಂದಾಗ, ಕೊಳ್ಳುವವರ ವಿಳಾಸ ಹುಡುಕುವ ಬದಲು ಈ ಅರ್ಜಿ ತುಂಬಿಸಿಕೊಡುವುದು ದೊಡ್ಡ ಪುಣ್ಯ. ಅಷ್ಟಾಗಿಯೂ ಅವಳಿಗೆ ಸಾಕಲಾಗದಿದ್ದರೆ, 1098ಕ್ಕೆ ಕರೆ ಮಾಡಿದರೆ ಮಕ್ಕಳ ಕಲ್ಯಾಣ ಸಮಿತಿಯ ದಾರಿ ತೆರೆಯುತ್ತದೆ. ಯೂಸುಫ್‌ಗೂಡದ ಸರಕಾರಿ ಶಿಶು ವಿಹಾರವಿರುವುದೂ ಇಂಥ ಮಕ್ಕಳಿಗಾಗಿಯೇ. ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸುವುದು ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ.

ದತ್ತು ಪಡೆದ ಮೇಲಿನ ಬದುಕಿಗೂ ಆಸರೆ ಬೇಕು. ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಅವರನ್ನು ತಪಾಸಣೆಯ ಅಧಿಕಾರಿಗಳೆಂದು ಅಂಜದೆ, ಮಗುವಿನ ಮೌನ, ಮುನಿಸು, ರಾತ್ರಿಯ ಅಳು ಇವನ್ನು ಹೇಳಿಕೊಳ್ಳುವ ಅವಕಾಶವೆಂದು ಭಾವಿಸಬೇಕು. ಮಗುವಿಗೆ ಸತ್ಯ ಹೇಳುವುದನ್ನು ಮುಂದೂಡಬಾರದು. ಕರ್ಣನಿಗೆ ತನ್ನ ಹುಟ್ಟು ತಿಳಿದದ್ದು ಯುದ್ಧದ ಹೊಸ್ತಿಲಲ್ಲಿ, ತಿಳಿಸಿದವರಿಗೆ ಅವನಿಂದ ಏನೋ ಬೇಕಾದಾಗ. ತಡವಾಗಿ ಬಂದ ಸತ್ಯ ಎಷ್ಟು ಕ್ರೂರವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹದಿನೆಂಟು ತುಂಬಿದ ದತ್ತುಮಗುವಿಗೆ ತನ್ನ ಮೂಲದ ಮಾಹಿತಿ ಕೇಳುವ ಹಕ್ಕನ್ನು ದತ್ತಕ ನಿಯಮಗಳು ಕೊಟ್ಟಿವೆ. ಹೆತ್ತವಳ ಗೋಪ್ಯತೆಗೂ ರಕ್ಷಣೆಯಿದೆ. ಕೊಂಡ ಮಗುವಿಗೆ ಆ ಬಾಗಿಲೂ ಇಲ್ಲ, ಏಕೆಂದರೆ ಅದರ ಕಾಗದವೇ ಸುಳ್ಳು.

ಹೊರನಾಡಿನ ಕನ್ನಡಿಗರಾದ ನಮಗೆ ಇದು ಬೇಗ ಅರ್ಥವಾಗಬೇಕು. ನಮ್ಮನ್ನು ಹೆತ್ತ ನುಡಿ ಒಂದು, ಸಾಕುತ್ತಿರುವ ಊರಿನ ನುಡಿ ಇನ್ನೊಂದು. ತೆಲುಗಿನ ಅನ್ನ ಉಂಡೆವೆಂದು ಕನ್ನಡವನ್ನು ಮರೆಯಿರಿ ಎಂದರೆ ನಾವು ಒಪ್ಪುವುದಿಲ್ಲ. ಕನ್ನಡವನ್ನು ನೆನೆದೆವೆಂದು ಈ ಊರಿಗೆ ದ್ರೋಹ ಬಗೆದಂತೆಯೂ ಅಲ್ಲ. ಆದರೂ ದತ್ತುಮಗು ತನ್ನ ಮೊದಲ ಮಡಿಲನ್ನು ಕೇಳಿದರೆ ನಾವು ಅದನ್ನು ಕೃತಘ್ನತೆ ಎನ್ನುತ್ತೇವೆ. ನಮಗೆ ನಾವು ಕೊಟ್ಟುಕೊಂಡ ಸ್ವಾತಂತ್ರ್ಯವನ್ನು ಒಂದು ಮಗುವಿಗೆ ಕೊಡಲಾರೆವೇ?

ಗೆಳತಿಗೆ ಮೊನ್ನೆ ಕರೆ ಮಾಡಿ ಇಷ್ಟನ್ನೂ ಹೇಳಿದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಕೊನೆಗೆ, "ಕಾಯುವವಳು ನಾನು, ಉಪದೇಶ ನಿಮ್ಮದು" ಎಂದರು. ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ, ಇಂದೂ ಇಲ್ಲ. ಜೊತೆಗೆ ಬರುತ್ತೇನೆ, ನೋಂದಣಿ ಯಾವ ಹಂತದಲ್ಲಿದೆಯೆಂದು ವಿಚಾರಿಸೋಣ, ತುಸು ದೊಡ್ಡ ಮಗುವಿನ ಬಗ್ಗೆಯೂ ಕೇಳಿ ನೋಡೋಣ ಎಂದಷ್ಟೇ ಹೇಳಿದೆ. ಮುಂದಿನ ವಾರ ಇಬ್ಬರೂ ಹೋಗುವವರಿದ್ದೇವೆ.