ಆವಾಸದಾನ: ನಮ್ಮ ಬಸದಿಗಳ ಲೆಕ್ಕಪುಸ್ತಕದಲ್ಲಿಲ್ಲದ ಬಾಬತ್ತು

ಜೀವದಯಾಷ್ಟಮಿಯ ಮರುವಾರ ನಡೆದ ಒಂದು ಸಭೆಯ ವಿಚಾರದಿಂದಲೇ ಈ ಲೇಖನವನ್ನು ಆರಂಭಿಸಬೇಕಾಗಿದೆ. ಕುಂದಾಪುರ ಸೀಮೆಯ ಒಂದು ಬಸದಿಯ ಆಡಳಿತ ಮಂಡಳಿಯ ಸಭೆ ಅದು. ಬಸದಿಯ ಹೆಸರು ಇಲ್ಲಿ ಅಪ್ರಸ್ತುತ. ಅಲ್ಲಿ ನಡೆದುದು ನಮ್ಮ ಯಾವ ಬಸದಿಯಲ್ಲಿಯಾದರೂ ನಡೆಯಬಹುದಾದದ್ದು. ಪಂಚಕಲ್ಯಾಣದ ಚಪ್ಪರ, ದೀಪಾಲಂಕಾರ, ಧ್ವನಿವರ್ಧಕ, ಆಮಂತ್ರಣ ಪತ್ರಿಕೆಯ ಮುದ್ರಣ ಇವೆಲ್ಲಕ್ಕೂ ಅರ್ಧ ಗಂಟೆಯೊಳಗೆ ಒಪ್ಪಿಗೆ ದೊರೆಯಿತು. ಬಳಿಕ ನಾನೊಂದು ಅರಿಕೆ ಮಾಡಿಕೊಂಡೆ. ವಾರಕ್ಕೊಂದು ದಿನ ಬಸದಿಯ ಹೊರಚಾವಡಿಯಲ್ಲಿ ನಮ್ಮ ಓದಿದ ತರುಣರಿಬ್ಬರು ಒಂದು ಮೇಜು ಹಾಕಿ ಕುಳಿತುಕೊಳ್ಳಲಿ. ಬೇರೆಡೆಯಿಂದ ಕಿತ್ತುಬಂದು ಇಲ್ಲಿ ಹೊಸದಾಗಿ ನೆಲೆಸಿದವರ ಅರ್ಜಿಗಳನ್ನು ಬರೆದುಕೊಡಲಿ, ಅಗತ್ಯವಿದ್ದಲ್ಲಿ ಕಚೇರಿಗೆ ಜೊತೆಯಲ್ಲಿ ಹೋಗಲಿ. ಬಸ್ಸಿನ ಮತ್ತು ಕಾಗದದ ಖರ್ಚನ್ನು ಬಸದಿ ಭರಿಸಲಿ ಎಂಬುದಷ್ಟೇ ನನ್ನ ಅರಿಕೆ. ಸಭೆ ಕ್ಷಣಕಾಲ ಮೌನವಾಯಿತು. ಆಮೇಲೆ ಹಿರಿಯರೊಬ್ಬರು ಕೇಳಿದರು: ‘ಬರುವವರು ಮಾಂಸಾಹಾರಿಗಳಲ್ಲವೆ?’ ಅರಿಕೆ ಅಲ್ಲಿಗೇ ಬಿದ್ದುಹೋಯಿತು.

ಆ ಅರಿಕೆಯ ಹಿಂದೆ ಒಂದು ಕುಟುಂಬವಿತ್ತು. ಬೈಂದೂರು ತಾಲ್ಲೂಕಿನ ಘಟ್ಟದ ಬುಡದಲ್ಲಿ, ಜಡ್ಕಲ್ ಮುದೂರುಗಳ ಕಡೆ, ರಬ್ಬರ್ ತೋಟಗಳಿರುವುದನ್ನು ಓದುಗರು ಬಲ್ಲರು. ಅಂಥದೊಂದು ತೋಟಕ್ಕೆ ಹಾಲು ತೆಗೆಯುವ ಕೆಲಸಕ್ಕಾಗಿ ಸುಳ್ಯದ ಕಡೆಯಿಂದ ಬಂದ ತಮಿಳು ಮನೆಮಾತಿನ ಕುಟುಂಬ ಅದು. ಮಗಳನ್ನು ಕಾಲೇಜಿಗೆ ಸೇರಿಸಲು ಜಾತಿ ಪ್ರಮಾಣಪತ್ರ ಬೇಕಾಗಿತ್ತು. ತಾಯಿ ನನ್ನ ಮುಂದಿಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಮಾವನ ಹಳೆಯ ಭಾರತೀಯ ಪಾಸ್‌ಪೋರ್ಟು, ಜೊತೆಗೊಂದು ಮಡಿಕೆ ಹರಿದ ಕುಟುಂಬ ಕಾರ್ಡು. ಹುಟ್ಟಿದ ಸ್ಥಳವೆಂಬಲ್ಲಿ ಸಿಲೋನಿನ ಒಂದು ಊರಿನ ಹೆಸರು. ‘ನೀವು ಈ ರಾಜ್ಯದ ಮೂಲದವರಲ್ಲ, ತಮಿಳುನಾಡಿನಿಂದ ಪತ್ರ ತನ್ನಿ’ ಎಂದು ಒಂದು ಕಚೇರಿಯಲ್ಲಿ ಹೇಳಿ ಕಳುಹಿಸಿದ್ದರಂತೆ. ತಮಿಳುನಾಡಿನಲ್ಲಿ ಅವರಿಗೆ ಊರೂ ಇಲ್ಲ, ಮನೆಯೂ ಇಲ್ಲ. ಆ ಮುದುಕ ಆ ನೆಲದಲ್ಲಿ ಕಳೆದದ್ದು, ಹಡಗಿನಿಂದ ಇಳಿದ ಮೇಲೆ ಮಂಡಪಂ ಶಿಬಿರದಲ್ಲಿ ಕೆಲವು ದಿನ ಮಾತ್ರ.

ಈ ಜನರ ಪೂರ್ವೇತಿಹಾಸವನ್ನು ನಮ್ಮ ಜಿಲ್ಲೆಯವರೇ ಮರೆತಿರುವುದರಿಂದ ಸಂಕ್ಷೇಪವಾಗಿ ಹೇಳಬೇಕಾಗಿದೆ. ಕಳೆದುದರ ಹಿಂದಿನ ಶತಮಾನದಲ್ಲಿ ಬ್ರಿಟಿಷರು ತಮಿಳುನಾಡಿನ ಬಡ ಕೂಲಿಗಳನ್ನು ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಒಯ್ದರು. ಸಿಲೋನ್ ಸ್ವತಂತ್ರವಾದ 1948ರಲ್ಲಿಯೇ ಅಲ್ಲಿನ ಪೌರತ್ವ ಕಾಯಿದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಅವರ ನಡುವೆ ಒಪ್ಪಂದವಾಯಿತು: 5,25,000 ಜನರನ್ನು ಭಾರತ ಸ್ವೀಕರಿಸತಕ್ಕದ್ದು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡತಕ್ಕದ್ದು. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಉಭಯ ದೇಶಗಳೂ ಸಮಪಾಲು ಮಾಡಿಕೊಂಡವು. ಸಮಪಾಲು! ಅಡಿಕೆಯ ರಾಶಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡ ಹಾಗೆ. ಹೀಗೆ ಬಂದವರಲ್ಲಿ ಒಂದು ಭಾಗ ಸುಳ್ಯ, ಪುತ್ತೂರು ತಾಲ್ಲೂಕುಗಳ ಸರ್ಕಾರಿ ರಬ್ಬರ್ ತೋಟಗಳಿಗೆ ಬಂತು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಅವರ ಒಡೆಯನಾಯಿತು. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾಗುವವರೆಗೆ ಸುಳ್ಯವೂ ಕುಂದಾಪುರವೂ ಒಂದೇ ಜಿಲ್ಲೆ. ಆದುದರಿಂದ ಇವರು ನಮಗೆ ದೂರದವರೆಂದು ಹೇಳುವಂತಿಲ್ಲ.

ಸರ್ಕಾರ ಅವರಿಗೆ ಏನೂ ಕೊಡಲಿಲ್ಲವೆಂದರೆ ಅದು ಅಸತ್ಯವಾದೀತು. ಕೆಲಸ ಕೊಟ್ಟಿತು, ಸಾಲುಮನೆ ಕೊಟ್ಟಿತು. ಆದರೆ ಒಂದು ದೇಶದಲ್ಲಿ ಬದುಕುವುದೆಂದರೆ ಕೂಲಿ ಮತ್ತು ಸೂರು ಮಾತ್ರವಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿ 1950ರ ರಾಷ್ಟ್ರಪತಿಗಳ ಆದೇಶದಂತೆ ರಾಜ್ಯಕ್ಕೊಂದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವನಿಗೆ ಹೋದ ರಾಜ್ಯದಲ್ಲಿ ಆ ಸೌಲಭ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಹೇಳಿತು. ಸಮುದ್ರದಾಚೆಯಿಂದ ನೇರವಾಗಿ ಇಲ್ಲಿಗೆ ತಂದು ಬಿಟ್ಟವರ ‘ಮೂಲ ರಾಜ್ಯ’ ಯಾವುದು? ಈ ಪ್ರಶ್ನೆಯ ಸುಳಿಯಲ್ಲಿ ಎಷ್ಟು ಮಕ್ಕಳ ಓದು ಅರ್ಧಕ್ಕೆ ನಿಂತಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಕಾನೂನಿನ ತೊಡಕು ಕಾನೂನಿನದು. ಆದರೆ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಬಹುದು, ಮೇಲ್ಮನವಿ ಸಲ್ಲಿಸಬಹುದು ಎಂಬಷ್ಟು ತಿಳಿವಳಿಕೆಯನ್ನಾದರೂ ಅವರ ಕಿವಿಗೆ ಹಾಕುವವರು ಬೇಡವೆ? ಆ ತಾಯಿಗೆ ಮೇಲ್ಮನವಿ ಎಂಬ ಶಬ್ದವೇ ಹೊಸದು.

ಇದಕ್ಕೆ ಪ್ರತಿಯಾಗಿ ಬೈಲುಕುಪ್ಪೆಯನ್ನು ನೋಡಬಹುದು. 1959ರಲ್ಲಿ ದಲಾಯಿ ಲಾಮಾ ಅವರ ಹಿಂದೆ ಬಂದ ಟಿಬೆಟಿನವರಿಗೆ ಅಂದಿನ ಮೈಸೂರು ಸರ್ಕಾರ 1960ರ ಸುಮಾರಿಗೆ ಅಲ್ಲಿ ಮೂರು ಸಾವಿರ ಎಕರೆಯಷ್ಟು ಭೂಮಿ ಕೊಟ್ಟಿತು. 1966ರಲ್ಲಿ ಮುಂಡಗೋಡಿನಲ್ಲಿ ಇನ್ನೊಂದು ವಸತಿ ಆರಂಭವಾಯಿತು. ಕನ್ನಡವಿರಲಿ, ನಮ್ಮ ಸೆಖೆಯೇ ಅವರಿಗೆ ಅಪರಿಚಿತ. ಆದರೂ ಅವರು ನೆಲೆಯೂರಿದರು. ಅವರು ಬಲು ಜಾಣರೆಂದು ನಮ್ಮವರು ಹೇಳುವುದುಂಟು. ಜಾಣತನಕ್ಕಿಂತ ಹೆಚ್ಚಾಗಿ ಅಲ್ಲಿ ಕೆಲಸ ಮಾಡಿದ್ದು ಅವರ ಸಹಕಾರ ಸಂಘ, ಅವರ ಶಾಲೆ, ಆಸ್ಪತ್ರೆ, ಮತ್ತು ಮುಖ್ಯವಾಗಿ ಅವರ ಕಾಗದಪತ್ರಗಳನ್ನು ನೋಡಿಕೊಳ್ಳಲೆಂದೇ ಇದ್ದ ವಸತಿ ಕಚೇರಿ. ಸಿಲೋನಿನಿಂದ ಬಂದ ತೋಟದ ಕೂಲಿಗೆ ಅಂಥ ಕಚೇರಿ ಎಲ್ಲಿತ್ತು?

ಬೈಲುಕುಪ್ಪೆಯವರೆಗೂ ಹೋಗಬೇಕಾಗಿಲ್ಲ. ಕುಂದಾಪುರದ ಹುಡುಗರು ಮುಂಬಯಿಗೆ ಹೋಗಿ ಬದುಕಿದ್ದು ಹೇಗೆ? ಊರಿನವರ ಹೋಟೆಲಿನಲ್ಲಿ ಮಲಗಲು ಒಂದು ಬೆಂಚು, ಹಗಲು ತಟ್ಟೆ ತೊಳೆಯುವ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಪಾಠ. ಮನೆಗೆ ಮನಿಯಾರ್ಡರು ಬರೆಯುವುದು ಹೇಗೆ, ಯಾವ ರೈಲು ಎಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಮೊದಲು ಹೋದವರು ಹಿಂದಿನಿಂದ ಬಂದವರಿಗೆ ಕಲಿಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಕಡಲ ಮಕ್ಕಳು ನೂರಿಪ್ಪತ್ತು ವರ್ಷಗಳ ಹಿಂದೆಯೇ ಅರಿತುಕೊಂಡದ್ದನ್ನು, ಶಾಸ್ತ್ರಗಳ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಮೆರವಣಿಗೆ ಮಾಡುವ ನಾವು ಇನ್ನೂ ಅರಿಯಲಿಲ್ಲ ಎಂದರೆ ಕಹಿಯೆನಿಸೀತು, ಎನಿಸಲಿ.

ವಿದೇಶದಲ್ಲಿರುವ ನಮ್ಮ ಮಕ್ಕಳನ್ನು ಕೇಳಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಕೆನಡಾದಲ್ಲಿ 1979ರಿಂದ ನಡೆದುಬಂದ ಒಂದು ಕ್ರಮದಂತೆ ಒಂದು ಚರ್ಚು, ಒಂದು ಸಂಘ ಅಥವಾ ಕೆಲವು ನಾಗರಿಕರು ಕೂಡಿ ಒಂದು ನಿರಾಶ್ರಿತ ಕುಟುಂಬದ ಹೊಣೆಯನ್ನು ಸಾಮಾನ್ಯವಾಗಿ ಒಂದು ವರ್ಷ ಹೊರುತ್ತಾರೆ. ಮೂರು ಲಕ್ಷಕ್ಕೂ ಹೆಚ್ಚು ಜನ ಹೀಗೆ ಅಲ್ಲಿ ನೆಲೆಸಿದ್ದಾರೆ. ಆ ಹೊಣೆ ಎಂಥದು? ವಿಮಾನ ನಿಲ್ದಾಣಕ್ಕೆ ಹೋಗಿ ಕರೆತರುವುದು, ಬಾಡಿಗೆ ಮನೆ ಹುಡುಕುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಬ್ಯಾಂಕಿನಲ್ಲಿ ಖಾತೆ ತೆರೆಸುವುದು, ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗುವುದು. ಅಲ್ಲಿ ಶಾಲು ಹೊದಿಸುವ ಸಮಾರಂಭವಿಲ್ಲ. ಒಂದು ದಿನದ ಅನ್ನಸಂತರ್ಪಣೆ ಮಾಡಿ ಛಾಯಾಚಿತ್ರ ತೆಗೆಸಿಕೊಳ್ಳುವುದಕ್ಕೂ ಇದಕ್ಕೂ ಇರುವ ಅಂತರವನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಪ್ರಶ್ನೆ ಪ್ರಾಮಾಣಿಕವಾಗಿದ್ದರೆ ಉತ್ತರ ನಮ್ಮ ಆಚಾರ್ಯರಲ್ಲಿಯೇ ಇದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ನಾಲ್ಕನ್ನು ಹೇಳುವಾಗ ಆಹಾರ, ಔಷಧಗಳ ಜೊತೆಗೆ ಇಡುವುದು ಉಪಕರಣ ಮತ್ತು ಆವಾಸ ಎಂಬ ಶಬ್ದಗಳನ್ನು. ಬದುಕಿಗೆ ಬೇಕಾದ ಸಾಧನ, ಇರಲು ಬೇಕಾದ ನೆಲೆ! ಅವರು ಅದನ್ನು ಹೇಳಿದ್ದು ತ್ಯಾಗಿಗಳ ವೈಯಾವೃತ್ಯದ ಪ್ರಕರಣದಲ್ಲಿ ಎಂದು ಪಂಡಿತರು ಆಕ್ಷೇಪಿಸಬಹುದು. ನಿಜ. ಆದರೆ ಪಾತ್ರದಾನದ ಪಕ್ಕದಲ್ಲಿಯೇ ಕರುಣಾದಾನವೆಂಬುದೂ ನಮ್ಮ ಪರಂಪರೆಯಲ್ಲಿದೆ. ಅಲ್ಲಿ ಪಡೆಯುವವನ ಯೋಗ್ಯತೆಯ ವಿಚಾರಣೆಯಿಲ್ಲ, ಅವನ ಸಂಕಟವೊಂದೇ ಸಾಕು. ಅದೂ ಅಲ್ಲದೆ ಆ ನಾಲ್ಕು ದಾನಗಳಿಗೆ ಆಚಾರ್ಯರು ಕೊಟ್ಟ ನಿದರ್ಶನಗಳನ್ನು ಗಮನಿಸಬೇಕು. ಕೊನೆಯ ನಿದರ್ಶನ ರಾಜನಲ್ಲ, ಶ್ರೇಷ್ಠಿಯಲ್ಲ, ಒಂದು ಹಂದಿ. ಗುಹೆಯಲ್ಲಿದ್ದ ಮುನಿಯನ್ನು ತಿನ್ನಲು ಬಂದ ಹುಲಿಯನ್ನು ಬಾಗಿಲಲ್ಲಿಯೇ ತಡೆದು ಪ್ರಾಣಬಿಟ್ಟ ಕಾಡುಹಂದಿ. ಹಂದಿಯನ್ನು ದಾನಿಗಳ ಸಾಲಿನಲ್ಲಿ ಕೂರಿಸಿದ ಧರ್ಮದ ಅನುಯಾಯಿಗಳು ನಾವು, ಮನುಷ್ಯನೊಬ್ಬನನ್ನು ಯಾಚಕರ ಸಾಲಿನಲ್ಲಿ ಕೂರಿಸಲೂ ಅವನ ಊಟದ ತಟ್ಟೆಯನ್ನು ಪರೀಕ್ಷಿಸುತ್ತೇವೆ.

ಇನ್ನೂ ಒಂದು ಮಾತು ಹೇಳದೆ ವಿಧಿಯಿಲ್ಲ. ನಮ್ಮ ಪಂಚಕಲ್ಯಾಣಗಳಿಗೆ ಮಂತ್ರಿಗಳು ಬರುತ್ತಾರೆ, ಶಾಸಕರು ಬರುತ್ತಾರೆ, ಅಧಿಕಾರಿಗಳು ಬರುತ್ತಾರೆ. ಅವರಲ್ಲಿ ಎಷ್ಟು ಮಂದಿ ಶಾಕಾಹಾರಿಗಳೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೆ? ವೇದಿಕೆಗೆ ಕರೆದು ಹಾರ ಹಾಕುತ್ತೇವೆ. ಮೀನೂಟ ಮಾಡುವ ನೆರೆಮನೆಯವರು ನಮ್ಮ ಮದುವೆಗೆ ಬಂದರೆ ಸಂತೋಷಪಡುತ್ತೇವೆ. ಅದು ಸರಿಯಾಗಿಯೂ ಇದೆ. ಹಾಗಾದರೆ ರಬ್ಬರ್ ತೋಟದ ಹೆಂಗಸು ಹೊರಚಾವಡಿಗೆ ಬರುವಾಗ ಮಾತ್ರ ಮಾಂಸದ ನೆನಪಾಗುವುದೇಕೆ? ಆ ಮಾತಿನ ಮರೆಯಲ್ಲಿ ನಿಂತಿರುವುದು ಅಹಿಂಸೆಯಲ್ಲ, ಜಾತಿ. ಜೀವದಯಾಷ್ಟಮಿಯಂದು ನಾವು ಯಶೋಧರನ ಕಥೆಯನ್ನು ಕೇಳುತ್ತೇವೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ತಾಯಿ ಮಕ್ಕಳಿಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ತೊಳಲಿದ ಕಥೆ. ಅದನ್ನು ಕೇಳಿ ಕಣ್ಣೊರಸಿಕೊಂಡ ಸಭೆಯೇ ಮರುವಾರ ಜೀವಂತ ಹುಡುಗಿಯೊಬ್ಬಳ ಓದಿಗೆ ಬಾಗಿಲು ಮುಚ್ಚಿತು.

‘ಇದು ಸರ್ಕಾರದ ಕೆಲಸ’ ಎಂಬ ವಾದಕ್ಕೆ ಹೆಚ್ಚು ಸ್ಥಳ ಬೇಕಾಗಿಲ್ಲ. ಹಟ್ಟಿಯಂಗಡಿಯ ಮತ್ತು ಬಾರ್ಕೂರಿನ ಪುರಾತನ ಶಿಲೆಗಳ ರಕ್ಷಣೆಯೂ ಸರ್ಕಾರದ ಕೆಲಸವೇ; ಅದಕ್ಕಾಗಿ ನಾವು ಮನವಿ ಬರೆಯುವುದನ್ನು ನಿಲ್ಲಿಸಿಲ್ಲ. ‘ಹಣವಿಲ್ಲ’ ಎಂಬ ವಾದದಲ್ಲಿ ಸ್ವಲ್ಪ ಸತ್ಯವಿದೆ. 1974ರ ಭೂಸುಧಾರಣೆಯ ಬಳಿಕ ಬಸದಿಗಳ ಗೇಣಿಯ ಆದಾಯ ಹೋಯಿತು. ಈ ಮೂರು ತಾಲ್ಲೂಕುಗಳಲ್ಲಿ ಶ್ರಾವಕರ ಮನೆಗಳೂ ವಿರಳ. ಮಕ್ಕಳು ಬೆಂಗಳೂರಿಗೆ, ಹೊರದೇಶಗಳಿಗೆ ಹೋದರು. ಆದರೆ ನಾನು ಕೇಳಿದ್ದು ಹಣವಲ್ಲ. ಒಂದು ಮೇಜು, ಎರಡು ಕುರ್ಚಿ, ವಾರದ ಒಂದು ಬೆಳಗು. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಬ್ಯಾಂಕಿನಲ್ಲಿ ದುಡಿದವರಿದ್ದಾರೆ, ವಕೀಲರಿದ್ದಾರೆ. ಅವರ ತಿಳಿವಳಿಕೆ ಶಾಸ್ತ್ರದಾನವಲ್ಲದೆ ಮತ್ತೇನು?

ನಾವೂ ಒಂದು ಕಾಲಕ್ಕೆ ಕಿತ್ತುಬಂದವರೇ ಎಂಬುದನ್ನು ನೆನಪಿಸಬೇಕಾಗಿ ಬಂದಿರುವುದು ವಿಷಾದಕರ. ಹನ್ನೆರಡು ವರ್ಷಗಳ ಬರಗಾಲಕ್ಕೆ ಹೆದರಿ ಭದ್ರಬಾಹುಗಳ ಸಂಘ ಉತ್ತರದಿಂದ ಹೊರಟು ದಕ್ಷಿಣಕ್ಕೆ ಬಂದ ವಿಚಾರ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕ್ರಿ.ಶ. 600ರ ಸುಮಾರಿನ ಶಾಸನದಲ್ಲಿಯೇ ಇದೆ. ಹೊಂಬುಜದ ಐತಿಹ್ಯದಲ್ಲಿ ಜಿನದತ್ತರಾಯನು ಉತ್ತರ ಮಧುರೆಯಿಂದ ಪ್ರಾಣಭಯದಿಂದ ಓಡಿಬಂದವನು. ಬೆನ್ನ ಮೇಲೆ ಪದ್ಮಾವತಿಯ ವಿಗ್ರಹವೊಂದನ್ನುಳಿದು ಅವನಲ್ಲಿ ಬೇರೇನಿತ್ತು? ಅಂದು ಈ ನಾಡಿನವರು ಅವನ ಮೂಲ ರಾಜ್ಯದ ಪತ್ರ ಕೇಳಲಿಲ್ಲ.

ಆ ಮೇಜು ಈಗ ನನ್ನ ಮನೆಯ ಜಗಲಿಯಲ್ಲಿದೆ. ಭಾನುವಾರ ಬೆಳಿಗ್ಗೆ ಮಾತ್ರ. ಬ್ರಹ್ಮಾವರದಿಂದ ನಿವೃತ್ತ ಶಿಕ್ಷಕರೊಬ್ಬರು ಬಸ್ಸಿನಲ್ಲಿ ಬರುತ್ತಾರೆ. ಬಾಡಿಗೆ ಚೀಟಿ, ಪಡಿತರ ಚೀಟಿ, ಶಾಲೆಯ ವರ್ಗಾವಣೆ ಪತ್ರ, ಮಗುವಿನ ಜನನ ನೋಂದಣಿ, ಇವೇ ಹೆಚ್ಚಿನ ಕೆಲಸಗಳು. ಅನುಭವದಿಂದ ಒಂದು ಸಂಗತಿ ತಿಳಿಯಿತು: ಪಠ್ಯಪುಸ್ತಕದ ಕನ್ನಡ ಕಲಿತು ಬಂದವರಿಗೆ ಇಲ್ಲಿ ಅದು ಅರ್ಧ ಮಾತ್ರ ಉಪಯೋಗ. ಅಂಗಡಿಯವನು ‘ಹ್ವಾಯ್, ಎಂತ ಬೇಕ್?’ ಎಂದರೆ ಬೈಗುಳವೆಂದು ತಿಳಿದು ಹಿಂದೆ ಸರಿದವರಿದ್ದಾರೆ. ಬ್ರಹ್ಮಾವರದ ಪೇಟೆಯಲ್ಲಂತೂ ಕುಂದಗನ್ನಡ, ತುಳು, ಕೊಂಕಣಿ ಮೂರೂ ಒಂದೇ ವ್ಯಾಪಾರದಲ್ಲಿ ಕೇಳಿಬರುತ್ತವೆ. ಆದಕಾರಣ ಶಿಕ್ಷಕರು ಈಗ ಕಾಲು ಗಂಟೆ ಮಾತಿನ ಪಾಠವನ್ನೂ ಮಾಡುತ್ತಿದ್ದಾರೆ.

ಹುಡುಗಿಯ ಮೇಲ್ಮನವಿಯನ್ನು ಸಲ್ಲಿಸಿದ್ದೇವೆ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆಯಲು ಮೂರು ಸಲ ಹೋಗಬೇಕಾಯಿತು. ಈ ನಡುವೆ ಅವಳು ಸಾಮಾನ್ಯ ವರ್ಗದ ಶುಲ್ಕ ಕಟ್ಟಿ ಕಾಲೇಜಿಗೆ ಸೇರಿದ್ದಾಳೆ. ಮೊದಲ ಕಂತನ್ನು ಹೊಂದಿಸಿದ್ದಾಯಿತು, ಎರಡನೆಯದು ದೀಪಾವಳಿಯ ನಂತರ ಕಟ್ಟಬೇಕು. ಬಸದಿಯ ಮಂಡಳಿಗೆ ಅದೇ ಅರಿಕೆಯನ್ನು ಈ ಸಲ ಬರಹದಲ್ಲಿ ಕೊಟ್ಟಿದ್ದೇನೆ. ಕಾರ್ಯದರ್ಶಿಗಳು ಅದನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿಕೊಂಡಿದ್ದಾರೆ, ಧ್ವನಿವರ್ಧಕದ ಬಾಕಿಯ ನಂತರದ ವಿಷಯವಾಗಿ.