ಕಾಲಾಳಿಗೆ ಕನ್ನಡ ಸಾಕು, ಅಧಿಕಾರಿಗೆ ಬೇಡವೆ?

ಡಿಗ್ರಿ ಆದ ಮೇಲೆ ಯಾವ ಸೇನೆ? ಭೂಸೇನೆಯೋ, ನೌಕಾಸೇನೆಯೋ, ವಾಯುಸೇನೆಯೋ? ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹುಡುಗರ ಮುಂದೆ ಈ ಪ್ರಶ್ನೆ ಇಟ್ಟು ‘ಆರಿಸ್ಕೊಳ್ರಪ್ಪಾ, ದೇಶ ಕರೀತದ’ ಅನ್ನುವ ದೊಡ್ಡ ಮನುಷ್ಯರನ್ನು ನಾವು ಕೇಳಬೇಕಾದ್ದು ಒಂದೇ: ಆರಿಸಿಕೊಳ್ಳಲು ನೀವು ಉಳಿಸಿದ್ದೇನು?

ಸಿ.ಡಿ.ಎಸ್. ಪರೀಕ್ಷೆಯ ನಿಯಮ ನೋಡಿ. ನೌಕಾ ಅಕಾಡೆಮಿಗೆ ಇಂಜಿನಿಯರಿಂಗ್ ಪದವಿ ಬೇಕು. ವಾಯುಸೇನಾ ಅಕಾಡೆಮಿಗೆ ಇಂಜಿನಿಯರಿಂಗ್, ಇಲ್ಲವೇ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಪಡೆದ ಪದವಿ. ರಜೆಯಲ್ಲಿ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡಿ ಬಿ.ಎ. ಮುಗಿಸಿದ ಕೇರಿಯ ಹುಡುಗನಿಗೆ ಈ ಎರಡು ಬಾಗಿಲು ಹದಿನಾರನೇ ವಯಸ್ಸಿಗೇ ಮುಚ್ಚಿದವು. ಅವನಿಗೆ ಅದನ್ನು ಯಾರೂ ಹೇಳಲೂ ಇಲ್ಲ.

ಉಳಿದದ್ದು ಭೂಸೇನೆ. ಅಲ್ಲಿಯೂ ಬಾಗಿಲು ಎರಡು: ಅಧಿಕಾರಿಯದೊಂದು, ಅಗ್ನಿವೀರನದೊಂದು. ನಮ್ಮವರನ್ನು ನೂಕುವುದು ಎರಡನೆಯದಕ್ಕೆ. 2022ರಲ್ಲಿ ಬಂದ ಈ ಯೋಜನೆಯಲ್ಲಿ ನೌಕರಿ ನಾಲ್ಕೇ ವರ್ಷ. ಮೊದಲ ವರ್ಷ ತಿಂಗಳಿಗೆ 30 ಸಾವಿರ. ಅದರಲ್ಲಿ 9 ಸಾವಿರ ಸೇವಾನಿಧಿಗೆ ಮುರಿದುಕೊಂಡು ಕೈಗೆ 21 ಸಾವಿರ. ಕೊನೆಗೆ ನೂರರಲ್ಲಿ 25 ಮಂದಿಯನ್ನಷ್ಟೇ ಉಳಿಸಿಕೊಂಡು, ಮಿಕ್ಕವರ ಕೈಗೆ ಸುಮಾರು 11.71 ಲಕ್ಷ ಇಟ್ಟು ಊರಿಗೆ ಕಳಿಸುವುದು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಯೋಜನೆ ಬಂದಾಗ ಗೊತ್ತುಮಾಡಿದ ವಯಸ್ಸು 17½ರಿಂದ 21. ಆ ವರ್ಷಕ್ಕೆ ಮಾತ್ರ 23. ಡಿಗ್ರಿ ಮುಗಿಯೋ ಹೊತ್ತಿಗೆ ವಯಸ್ಸೂ ಅಂಚಿಗೆ ಬಂದಿರುತ್ತದೆ. ಹಾಗಾಗಿ ಹುಡುಗ ಡಿಗ್ರಿ ನಡುವೆ ಬಿಟ್ಟು ಓಡುತ್ತಾನೆ. ತಿರುಗಿ ಬಂದು ನಿಲ್ಲುವುದು ಯಾರ ಗದ್ದೆಯಲ್ಲಿ? ಅದೇ ಧಣಿಯ ಗದ್ದೆಯಲ್ಲಿ.

‘ಹನ್ನೊಂದು ಲಕ್ಷ ಕಮ್ಮಿ ಆತೇನೋ ನಿನಗ?’ ಅಂತಾರೆ. ಲಕ್ಷವನ್ನೇ ಕಾಣದ ಮನೆಗೆ ಅದು ಕಡಿಮೆಯಲ್ಲ, ಒಪ್ಪೋಣ. ಆದರೆ ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸುಬೇದಾರರಾಗಿ ನಿವೃತ್ತರಾದವರು. ಅವರ ಮನೆಗೆ ಪಿಂಚಣಿ ಬರುತ್ತಿತ್ತು. ಮಗ ಓದಿದ. ಸಿಪಾಯಿಯ ಮನೆಯನ್ನು ಒಂದು ತಲೆಮಾರು ಮೇಲಕ್ಕೆತ್ತುತ್ತಿದ್ದ ಆ ಪಿಂಚಣಿಯನ್ನೇ ಈಗ ಕಿತ್ತುಕೊಂಡಿದ್ದಾರೆ.

ಇನ್ನು ಭಾಷೆಯ ಆಟ. ಅಗ್ನಿವೀರನ ಪರೀಕ್ಷೆ 2025ರಲ್ಲಿ ಕನ್ನಡದಲ್ಲೂ ನಡೆಯಿತು. ಅಧಿಕಾರಿಯಾಗುವ ಸಿ.ಡಿ.ಎಸ್. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲೇ. ಗುಂಡಿಗೆ ಎದೆ ಕೊಡಲು ಕನ್ನಡ ನಡೆಯುತ್ತದೆ, ಆಜ್ಞೆ ಕೊಡಲು ನಡೆಯುವುದಿಲ್ಲ!

‘ಸೇನೆಯಲ್ಲಿ ಜಾತಿ ಇಲ್ಲ, ಯೋಗ್ಯತೆ ಒಂದೇ’ ಅನ್ನುವವರು ಕೇಳಲಿ. 1890ರ ದಶಕದಲ್ಲಿ ಬ್ರಿಟಿಷರು ‘ಯುದ್ಧಕುಲ’ವೆಂಬ ಕಟ್ಟುಕಥೆ ಹಿಡಿದು ಮಹಾರರ ಭರ್ತಿ ನಿಲ್ಲಿಸಿದರು. ಹೋರಾಡಿ ಹೋರಾಡಿ, 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಲಾಯಿತು. ರಾಷ್ಟ್ರಪತಿಗಳ ಅಂಗರಕ್ಷಕ ದಳಕ್ಕೆ ರಜಪೂತ, ಜಾಟ್, ಜಾಟ್ ಸಿಖ್ಖರನ್ನಷ್ಟೇ ತೆಗೆದುಕೊಳ್ಳುವುದಾಗಿ 2013ರಲ್ಲಿ ಸೇನೆಯೇ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಜಾತಿ ಇಲ್ಲದ ಸೇನೆಯಲ್ಲಿ ಮೀಸಲಾತಿ ಮಾತ್ರ ಇಲ್ಲ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಧರ್ಮದಲ್ಲಿ ನಡೆದರೆ ದೊಡ್ಡವನು ಮಾತ್ರವಲ್ಲ, ಸಣ್ಣವನೂ ಎತ್ತರ ಮುಟ್ಟಬಲ್ಲ ಎಂಬುದು ಅದರ ಸಾರ. ಎರಡು ಸಾವಿರ ವರ್ಷಗಳಾಚೆ ಕಲ್ಲಿಗೆ ತಿಳಿದದ್ದು ದಿಲ್ಲಿಯ ಕಚೇರಿಗೆ ತಿಳಿಯದೆ?

ಗೆಳೆಯರೇ, ಡಿಗ್ರಿ ಬಿಡಬೇಡಿ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಗೆ ಯಾವ ಪದವಿಯೂ ನಡೆಯುತ್ತದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಹತ್ತನೇ ತರಗತಿ ಮಟ್ಟದ ಗಣಿತ. ಮೇಷ್ಟ್ರೇ, ಇದನ್ನು ಹತ್ತನೇ ಕ್ಲಾಸಿನಲ್ಲೇ ಹೇಳಿ, ಹೆಣ್ಣುಮಕ್ಕಳಿಗೂ ಹೇಳಿ. 2021ರಲ್ಲಿ ಸುಪ್ರೀಂ ಕೋರ್ಟ್ ಗದರಿದ ಮೇಲೆ ಎನ್.ಡಿ.ಎ. ಅವರಿಗೂ ತೆರೆಯಿತು. ಬಾಗಿಲು ತಾನಾಗಿ ತೆರೆಯುವುದಿಲ್ಲ, ನೂಕಬೇಕು. ಸಿ.ಡಿ.ಎಸ್. ಕನ್ನಡದಲ್ಲಿ ಬರಲಿ, ತಾಲ್ಲೂಕಿಗೊಂದು ಸರ್ಕಾರಿ ತರಬೇತಿ ಕೇಂದ್ರ ಬರಲಿ, ಸಿಪಾಯಿಗೆ ಪಿಂಚಣಿ ಮರಳಲಿ. ಯಾವ ಸೇನೆ ಎಂಬ ಪ್ರಶ್ನೆಗೆ ಆಮೇಲೆ ಉತ್ತರ ಕೊಡೋಣ.