ಕೀಳಿಸುವ ಮೊದಲು ಉಳಿಸುವುದನ್ನು ಯೋಚಿಸೋಣ



ಬೂದಿಕೋಟೆಯ ಸುತ್ತಿನ ಹಳ್ಳಿಗಳಿಂದ ಹಲ್ಲುನೋವೆಂದು ಬರುವ ಹಿರಿಯರಲ್ಲಿ ಅನೇಕರು ಒಂದೇ ಮಾತನ್ನಾಡುತ್ತಾರೆ: “ಕಿತ್ತು ಹಾಕಿಸಿಬಿಡ್ತೀನಿ ಡಾಕ್ಟ್ರೇ, ಮುದ್ದೆ ನುಂಗೋದಕ್ಕೆ ಹಲ್ಲು ಯಾತಕ್ಕೆ?” ಮುದ್ದೆಯನ್ನು ನುಂಗಬಹುದು, ಅವರೆಕಾಳನ್ನೂ ಕಡಲೆಕಾಯಿಯನ್ನೂ ಅಗಿಯದೆ ನುಂಗಿದರೆ ಜಠರಾಗ್ನಿಗೆ ಭಾರ. ಇನ್ನು ಕೆಲವರು, ಮೇಲಿನ ಹಲ್ಲು ಮುಟ್ಟಿಸಿದರೆ ಕಣ್ಣು ಹೋಗುವುದೆಂದು ಹೆದರಿ, ನೋವನ್ನು ಸಹಿಸಿಕೊಂಡೇ ಇರುತ್ತಾರೆ.

ಈ ಭಯಕ್ಕೊಂದು ಮೂಲವಿದೆ. ಮೇಲಿನ ಹಲ್ಲು ಅಲುಗುತ್ತಿದ್ದರೂ ಕೀಳಬಾರದು, ಅತಿ ರಕ್ತಸ್ರಾವದಿಂದ ಕುರುಡುತನ, ಅರ್ದಿತವಾತ ಉಂಟಾದೀತು ಎಂದು ಸುಶ್ರುತಸಂಹಿತೆ ಎಚ್ಚರಿಸುತ್ತದೆ. ರಕ್ತ ನಿಲ್ಲಿಸುವ ಸಾಧನಗಳು ಅಲ್ಪವಾಗಿದ್ದ ಕಾಲದ ವಿವೇಕವದು. ಇಂದು ಆ ಭಯ ಬೇಡ. ಆದರೆ ಕೃಮಿದಂತದ ಬಗ್ಗೆ ಅದೇ ಸಂಹಿತೆ ತೋರುವ ಭೇದ ಇಂದಿಗೂ ಸಲ್ಲುತ್ತದೆ. ಅಲುಗದ ಹಲ್ಲಿಗೆ ಸ್ವೇದನ, ಗಂಡೂಷಾದಿ ಚಿಕಿತ್ಸೆ. ಅಲುಗುವುದನ್ನು ಮಾತ್ರ ಕಿತ್ತು ಆ ಸ್ಥಾನವನ್ನು ಸುಡುವುದು. ಬೇರು ಭದ್ರವಾಗಿರುವ ಹಲ್ಲನ್ನು ಉಳಿಸಲು ಯತ್ನಿಸಬೇಕೆಂಬುದೇ ಇದರ ಇಂಗಿತವೆಂದು ನಾನು ತಿಳಿಯುತ್ತೇನೆ. ಇಂದು ಅದನ್ನು ನೆರವೇರಿಸುವುದು ರೂಟ್ ಕೆನಾಲ್ ಚಿಕಿತ್ಸೆ.

ಹಲ್ಲಿನ ಹೊರಗವಚ ಗಟ್ಟಿ; ಒಳಗೆ ನರ, ರಕ್ತನಾಳಗಳಿರುವ ಮೃದುವಾದ ತಿರುಳು. ಹುಳುಕು ತಿರುಳನ್ನು ಮುಟ್ಟಿದಾಗ ರಾತ್ರಿ ನಿದ್ದೆಗೆಡಿಸುವ ನೋವು ಹುಟ್ಟುತ್ತದೆ. ವೈದ್ಯರು ಎಕ್ಸ್‌-ರೇ ತೆಗೆದು, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೆಟ್ಟ ತಿರುಳನ್ನು ಸೂಕ್ಷ್ಮ ಸಲಕರಣೆಗಳಿಂದ ತೆಗೆದು, ಬೇರಿನೊಳಗಿನ ನಾಳಗಳನ್ನು ತೊಳೆಯುತ್ತಾರೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ನಾಳ, ದವಡೆಹಲ್ಲಿಗೆ ಮೂರು-ನಾಲ್ಕು. ಬಳಿಕ ಅವನ್ನು ಗಟ್ಟಾ ಪರ್ಚಾದಿಂದ ತುಂಬುತ್ತಾರೆ. ಅದು ಮಲಯ ಸೀಮೆಯ ಮರವೊಂದರ ಹಾಲಿನಿಂದ ಬಂದ ಪದಾರ್ಥ. ತಿರುಳಿಲ್ಲದಿದ್ದರೂ ಸುತ್ತಲಿನ ಎಲುಬು, ವಸಡುಗಳ ಆಸರೆಯಲ್ಲಿ ಹಲ್ಲು ನಿಲ್ಲುತ್ತದೆ. ದವಡೆಹಲ್ಲಿಗೆ ಮೇಲೆ ಕ್ಯಾಪ್ ಹಾಕಿಸದೆ ಬಿಟ್ಟರೆ ಅದು ಸೀಳುವ ಸಂಭವವುಂಟು.

ವೃತ್ತಿಯ ಆರಂಭದಲ್ಲಿ ನಾನೂ ತಪ್ಪಿದ್ದೇನೆ. ರೈತರೊಬ್ಬರಿಗೆ ಲವಂಗದೆಣ್ಣೆ ಕೊಟ್ಟೆ. ವಾರದಲ್ಲಿ ನೋವು ನಿಂತಿತು. ವಾಸಿಯಾಯಿತೆಂದು ಇಬ್ಬರೂ ನಂಬಿದೆವು. ನಿಂತದ್ದು ರೋಗವಲ್ಲ; ತಿರುಳು ಸತ್ತು ನೋವು ತಿಳಿಯದಾಗಿತ್ತು, ಅಷ್ಟೇ. ಎರಡು ತಿಂಗಳ ಮೇಲೆ ಕೆನ್ನೆ ಊದಿಕೊಂಡು ಜ್ವರದಿಂದ ಬಂದರು. ಹಲ್ಲು ಉಳಿಯಲಿಲ್ಲ. ಅಂದಿನಿಂದ ಲವಂಗದೆಣ್ಣೆಯ ಜೊತೆಗೆ ದಂತವೈದ್ಯರಿಗೆ ಚೀಟಿಯನ್ನೂ ಬರೆದುಕೊಡುತ್ತೇನೆ. ನೆಲಗುಳ್ಳದ ಬೀಜದ ಹೊಗೆಯಿಂದ ಹುಳು ಉದುರಿತೆಂದು ಸಮಾಧಾನಪಡುವವರಿಗೂ ಇದೇ ಮಾತು. ಹುಳುಕಿಗೆ ಕಾರಣ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸಿಹಿಪದಾರ್ಥದಿಂದ ಉಂಟುಮಾಡುವ ಆಮ್ಲ.

ನಮ್ಮ ಜಿಲ್ಲೆಯ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲಿಗೆ ಕಂದು ಕಲೆ ಬರುವುದುಂಟು. ಆದರೆ ಕಪ್ಪಾದುದೆಲ್ಲ ನೀರಿನ ದೋಷವೆಂದು ಕೈಚೆಲ್ಲಬಾರದು. ಕಲೆಯ ಮರೆಯಲ್ಲಿ ಹುಳುಕೂ ಇರಬಹುದು.

ಬೇರು ಸೀಳಿದ್ದರೆ ಅಥವಾ ಸುತ್ತಲ ಎಲುಬು ಸವೆದಿದ್ದರೆ ಕೀಳಿಸುವುದೇ ಸರಿ. ಆ ತೀರ್ಮಾನ ಪರೀಕ್ಷೆಯ ನಂತರ ಆಗಲಿ. ಖರ್ಚಿಗೆ ಅಂಜುವವರು ಕೋಲಾರ ಚಿನ್ನದ ಗಣಿಯ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ, ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಾಗಲಿ ವಿಚಾರಿಸಬಹುದು. ಬೋಧನಾ ಆಸ್ಪತ್ರೆಗಳಲ್ಲಿ ವೆಚ್ಚ ಸಾಮಾನ್ಯವಾಗಿ ಕಡಿಮೆ.

ದೇಹವು ಕಾಯಕಕ್ಕೆ ಸಾಧನ. ಅದರಲ್ಲಿ ಉಳಿಸಬಹುದಾದ ಒಂದು ಹಲ್ಲನ್ನೂ ಅಸಡ್ಡೆಯಿಂದ ಕಳೆಯುವುದು ತರವಲ್ಲ. ನೋವು ನಿಂತಿತೆಂದು ಸುಮ್ಮನಿರುವವರು ಈ ವಾರವೇ ಒಮ್ಮೆ ತೋರಿಸಿಕೊಳ್ಳಲಿ ಎಂಬುದು ನನ್ನ ವಿನಂತಿ.